ಗ್ರೋತ್ ಹಾರ್ಮೋನ್ ಟೆಸ್ಟ್: ಚೀಟಿ ಕೈಗೆ ಬಂದಾಗಿಂದ ರಿಪೋರ್ಟ್ ಓದೂತನಕ

ವಿಜಯಪುರದಾಗ ಲ್ಯಾಬ್ ಟೆಕ್ನಿಷಿಯನ್ ಆಗಿ ಹದಿನಾಕು ವರ್ಷ ಆತ್ರಿ. ಹಾರ್ಮೋನ್ ಸೆಕ್ಷನ್‌ಗೆ ಬಂದಮ್ಯಾಲ ತಂದಿ ತಾಯಿ ಕಡಿಂದ ಒಂದ ಪ್ರಶ್ನೆ ಮತ್ತ ಮತ್ತ ಬರತೈತಿ: "ನಮ್ಮ ಹುಡುಗ ವಾರಿಗಿಯವರಕಿಂತ ಕುಳ್ಳ ಅದಾನ್ರಿ, ಡಾಕ್ಟರ್ ಜಿಎಚ್, ಅಂದ್ರ ಮೈ ಬೆಳಸೂ ಗ್ರೋತ್ ಹಾರ್ಮೋನ್, ಅಂತ ಬರದಾರ, ಈಗ ರಕ್ತ ತಗೊಂಡು ಸಂಜಿಕ ರಿಪೋರ್ಟ್ ಕೊಡ್ತೀರೇನು?" ಇಂಡಿ, ಸಿಂದಗಿ, ಜಮಖಂಡಿ ಕಡಿಂದ ಮೊದಲನೇ ಬಸ್ಸಿಗೆ ಬಂದಿರ್ತಾರ, ಕೂಸಿಗೆ ಬಿಸ್ಕೀಟ್ ತಿನಿಸಿರ್ತಾರ, ನಾವು ಇವತ್ತ ಆಗೂದಿಲ್ರಿ ಅಂದ್ರ ಅವರ ಮುಖ ನೋಡಾಕ ಆಗೂದಿಲ್ಲ. ಡಿಎಂಎಲ್‌ಟಿ, ಅಂದ್ರ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ, ಓದೂ ಹುಡುಗರೂ ಇದನ್ನ ಬ್ಯಾರೆ ರೀತಿಯಿಂದ ಕೇಳ್ತಾರ, "ಸರ್, ಶುಗರ್ ಹಂಗ ಇದನ್ನ ಯಾಕ ಒಂದ ಸಲಕ್ಕ ಅಳಿಯಾಕ ಬರೂದಿಲ್ಲ?" ಅಂತ. ಇಬ್ಬರಿಗೂ ಕೂಡಿಸಿ ಬರಿಯಾಕತ್ತೀನಿ. ಔಷಧದ ಡೋಸ್ ಇದರಾಗ ಬರದಿಲ್ಲ, ಅದು ಡಾಕ್ಟರ್ ಕೂಸಿನ ತೂಕ ಎತ್ತರ ನೋಡಿ ಹಾಕೂದು.

1. ಮೊದಲ ಈ ಹಾರ್ಮೋನ್ ಹೆಂಗ ನಡಕೋತೈತಿ ತಿಳ್ಕೋರಿ

ಗ್ರೋತ್ ಹಾರ್ಮೋನ್ ಬರೂದು ಪಿಟ್ಯುಟರಿ ಗ್ರಂಥಿಯಿಂದ, ಅಂದ್ರ ಮಿದುಳಿನ ಬುಡಕ ಕಡ್ಲಿಕಾಳಷ್ಟ ಇರೂ ಗ್ರಂಥಿ. ಇದು ದಿನಪೂರ್ತಿ ಒಂದ ಸಮ ಹರಿಯೂದಿಲ್ಲ. ನಮ್ಮೂರಾಗ ನಳಕ್ಕ ನೀರು ಬಿಟ್ಟಂಗ, ಬಿಟ್ಟಾಗ ಜೋರ್ ಬರತೈತಿ, ಆಮ್ಯಾಲ ತಾಸುಗಟ್ಟಲೆ ಒಣ. ಎಲ್ಲಾಕಿಂತ ದೊಡ್ಡ ಅಲೆ ರಾತ್ರಿ ಮಲಗಿ ಗಾಢ ನಿದ್ದಿ ಹತ್ತಿದ ಮೊದಲನೇ ಹೊತ್ತಿನಾಗ ಬರತೈತಿ. ರಕ್ತಕ್ಕ ಬಿದ್ದ ಹಾರ್ಮೋನ್ 15-20 ನಿಮಿಷದಾಗ ಅರ್ಧಕ್ಕ ಇಳೀತೈತಿ. ಹಿಂಗಾಗಿ ಮುಂಜಾನೆ ಹತ್ತಕ್ಕ ಆರಾಮಿದ್ದ ಕೂಸಿನ ರಕ್ತ ತಗದ್ರೂ ಸೊನ್ನೆ ಹತ್ರ ಬರಬಹುದು. ನಳ ಬಂದಿಲ್ಲದ ಹೊತ್ತಿನಾಗ ತಿರುವಿ ನೋಡಿ ಟಾಕಿ ಖಾಲಿ ಐತಿ ಅಂದಂಗ ಆಗತೈತಿ ಅದು.

ಈ ಒಂದು ಮಾತು ಹಿಡಕೊಂಡ್ರ ಮುಂದಿಂದೆಲ್ಲಾ ತಿಳೀತೈತಿ. ಜಿಎಚ್ ಸಂಖ್ಯೆಗೆ ಒಬ್ಬಂಟಿ ಬೆಲೆ ಇಲ್ಲ, ಯಾವಾಗ ತಗದ್ರು, ಏನು ಕೊಟ್ಟು ತಗದ್ರು, ಯಾವ ಪದ್ಧತಿಲೆ ಅಳದ್ರು ಅನ್ನೂದು ಜೋಡಿ ಇರಾಕಬೇಕು. ಹುಟ್ಟಿದ ಮೊದಲನೇ ವಾರದಾಗ ಕೂಸಿನ ಶುಗರ್ ಮತ್ತ ಮತ್ತ ಇಳೀತಿದ್ರ ಮಾತ್ರ ಯಾವ ಹೊತ್ತಿನಾಗ ತಗದ ಜಿಎಚ್ ಆದ್ರೂ ಡಾಕ್ಟರಿಗೆ ಉಪಯೋಗ ಆಗತೈತಿ, ಯಾಕಂದ್ರ ಎಳಿ ಕೂಸುಗಳಿಗೆ ಅದು ಸಹಜನ ಮ್ಯಾಲ ಇರತೈತಿ.

2. ಟೆಸ್ಟ್‌ಗಿಂತ ಮೊದಲ ಟೇಪ್ ಹಿಡೀರಿ

ಎತ್ತರದ ಲೆಕ್ಕ ಇಲ್ದ ಜಿಎಚ್ ಟೆಸ್ಟ್‌ಗೆ ಓಡಬ್ಯಾಡ್ರಿ. ಕೂಸಿನ ಚಪ್ಪಲಿ ಬಿಡಿಸಿ, ಹಿಮ್ಮಡಿ ಗ್ವಾಡಿಗೆ ತಾಗಿಸಿ ನಿಂದ್ರಿಸಿ, ತಲಿ ಮ್ಯಾಲ ಒಂದು ದಪ್ಪ ಪುಸ್ತಕ ಸಪಾಟ ಇಟ್ಟು ಗುರುತು ಹಾಕ್ರಿ, ತಾರೀಖು ಬರೀರಿ, ಆರು ತಿಂಗಳ ಬಿಟ್ಟು ಅದ ಗ್ವಾಡಿಗೆ ಮತ್ತ ನೋಡ್ರಿ. ನಾಕು ವರ್ಷ ದಾಟಿದ ಕೂಸು ದೊಡ್ಡದಾಗೂತನಕ ವರ್ಷಕ್ಕ ಸುಮಾರು 5 ಸೆಂಟಿಮೀಟರ್ ಬೆಳೀತೈತಿ, 4ಕ್ಕಿಂತ ಕಡಿಮಿ ಆಗಾಕತ್ತಿದ್ರ ಡಾಕ್ಟರ್ ಅದನ್ನ ಗಂಭೀರ ತಗೋತಾರ. ಐದು ವರ್ಷದ ಮ್ಯಾಲಿನ ಮಕ್ಕಳಿಗೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನವರು 2015ರಾಗ ತಗದ ಚಾರ್ಟ್ ಐತಿ, ನಮ್ಮ ದೇಶದ ಮಕ್ಕಳದ ಲೆಕ್ಕ, ಅದರಾಗ ಹಾಕಿಸಿಕೋರಿ. ಶಾಲ್ಯಾಗ ಆರೋಗ್ಯ ತಪಾಸಣಿಯವರು ಬರದ ಹಳೇ ಎತ್ತರ ಸಿಕ್ರ ಅದು ಬಂಗಾರದಂಥ ಮಾಹಿತಿ.

ಇದರ ಜೋಡಿ ಬ್ಯಾರೆ ಕಾರಣ ಅದಾವೇನು ನೋಡೂ ಟೆಸ್ಟ್ ಆಗಬೇಕು. ಟಿಎಸ್‌ಎಚ್ ಮತ್ತ ಟಿ4, ಅಂದ್ರ ಥೈರಾಯ್ಡ್, ರಕ್ತಕಣ ಎಣಿಸೂ ಸಿಬಿಸಿ, ಕಿಡ್ನಿ ನೋಡೂ ಕ್ರಿಯಾಟಿನಿನ್, ಗೋದಿ ಒಗ್ಗದ ಸಿಲಿಯಾಕ್ ಕಾಯಿಲೆಗೆ ಟಿಟಿಜಿ, ಎಡಗೈ ಮಣಿಕಟ್ಟಿನ ಎಕ್ಸ್‌ರೇ, ಅದರಿಂದ ಎಲುಬಿನ ವಯಸ್ಸು ಗೊತ್ತಾಗತೈತಿ, ಹುಡುಗಿ ಆಗಿದ್ರ ಕ್ಯಾರಿಯೋಟೈಪ್, ಅಂದ್ರ ಕ್ರೋಮೋಸೋಮ್ ಎಣಿಕಿ, ಹುಡುಗಿಯರಿಗೆ ಎಕ್ಸ್ ಕ್ರೋಮೋಸೋಮ್ ಕೊರತಿಯಿಂದ ಆಗೂ ಟರ್ನರ್ ಸಿಂಡ್ರೋಮ್ ತಪ್ಪಿಸಿಕೊಂಡು ಹೋಗಬಾರದು ಅಂತ. ಥೈರಾಯ್ಡ್ ಕಡಿಮಿ ಇದ್ದಾಗ ಜಿಎಚ್ ಟೆಸ್ಟ್ ಮಾಡಿದ್ರ ಸುಳ್ಳು ಕಡಿಮಿ ಬರತೈತಿ. ಮೊದಲ ಥೈರಾಯ್ಡ್ ಸರಿಪಡಿಸಿಕೊಂಡ ಇದಕ್ಕ ಬರ್ರಿ.

3. ಐಜಿಎಫ್-1 ಮೊದಲ ಮಾಡಿಸ್ರಿ

ಐಜಿಎಫ್-1 ಅಂದ್ರ ಜಿಎಚ್ ಹೇಳಿದಂಗ ಹೆಚ್ಚಾಗಿ ಲಿವರ್ ತಯಾರ ಮಾಡೂ ಪ್ರೋಟೀನ್. ಇದು ರಕ್ತದಾಗ ಬ್ಯಾರೆ ಪ್ರೋಟೀನ್‌ಗಳಿಗೆ ಅಂಟಿಕೊಂಡು ತಾಸುಗಟ್ಟಲೆ ಉಳೀತೈತಿ, ಮುಂಜಾನೆ ಸಂಜಿ ಅಂತ ಬಾಳ ಫರಕ್ ಇಲ್ಲ, ಒಂದ ಸಲ ಚುಚ್ಚಿದ್ರ ಸಾಕು. ಹಂಗಂತ ಇದೊಂದ ಸಾಕು ಅನ್ನಬ್ಯಾಡ್ರಿ. ಊಟ ಸರಿ ಇಲ್ಲದ ಕೂಸಿಗೂ ಐಜಿಎಫ್-1 ಕಡಿಮಿ ಬರತೈತಿ, ಲಿವರ್ ಕೆಟ್ಟವರಿಗೂ ಬರತೈತಿ, ಸಣ್ಣ ಮಕ್ಕಳಿಗೆ ಸಹಜನ ಕಡಿಮಿ. ನಾರ್ಮಲ್ ರೇಂಜ್ ವಯಸ್ಸಿನ ಮ್ಯಾಲ, ಗಂಡೋ ಹೆಣ್ಣೋ ಅನ್ನೂದರ ಮ್ಯಾಲ ಬದಲಾಗತೈತಿ. ಆರು ವರ್ಷದ ಹುಡುಗನ ರಿಪೋರ್ಟ್‌ದಾಗ ದೊಡ್ಡವರ ರೇಂಜ್ ಅಚ್ಚಾಗಿದ್ದನ್ನ ಕಣ್ಣಾರೆ ನೋಡೀನಿ. ಅದಕ್ಕ ರಕ್ತ ಕೊಡುಮುಂದ ಕೂಸಿನ ಹುಟ್ಟಿದ ತಾರೀಖು ಸರಿ ಬರಸ್ರಿ, ಅಂದಾಜಿನ ವಯಸ್ಸು ಹೇಳಬ್ಯಾಡ್ರಿ.

4. ಸ್ಟಿಮ್ಯುಲೇಷನ್ ಟೆಸ್ಟ್‌ನ ದಿನ

ನಳ ತಾನಾಗಿ ಬರೂತನಕ ಕಾಯೂದಕ್ಕ ಆಗೂದಿಲ್ಲ, ಅದಕ್ಕ ಔಷಧ ಕೊಟ್ಟು ಪಿಟ್ಯುಟರಿಗೆ ಹಾರ್ಮೋನ್ ಬಿಡು ಅಂತ ಹಚ್ಚತಾರ, ಆಮ್ಯಾಲ ಅರ್ಧ ಅರ್ಧ ತಾಸಿಗೆ ರಕ್ತ ತಗೀತಾರ. ಇದ ಸ್ಟಿಮ್ಯುಲೇಷನ್ ಟೆಸ್ಟ್, ಪ್ರಚೋದನಾ ಪರೀಕ್ಷೆ. ಮಕ್ಕಳಿಗೆ ಬಾಳ ಬಳಸೂದು ಕ್ಲೋನಿಡಿನ್ ಗುಳಿಗಿ, ಮೂಲಕ್ಕ ಇದು ಬಿಪಿ ಔಷಧ. ರಕ್ತ 0, 30, 60, 90 ನಿಮಿಷಕ್ಕ, ಕೆಲವು ಕಡೆ 120ಕ್ಕೂ. ಗ್ಲುಕಗಾನ್ ಇಂಜೆಕ್ಷನ್ ಆದ್ರ ಮೂರು ತಾಸು, 180 ನಿಮಿಷದ ತನಕ, ಇದರಾಗ ವಾಂತಿ ಬಂದಂಗ ಆಗೂದು ಇರತೈತಿ. ಅರ್ಜಿನಿನ್ ಸಲೈನ್ ಹಂಗ ನರಕ್ಕ ಹೋಗತೈತಿ. ಇನ್ಸುಲಿನ್ ಟಾಲರೆನ್ಸ್ ಟೆಸ್ಟ್ ಅಂತ ಇನ್ನೊಂದೈತಿ, ಇನ್ಸುಲಿನ್ ಕೊಟ್ಟು ಶುಗರ್ 40ರ ಕೆಳಗ ಇಳಿಸಿ ನೋಡೂದು. ಇದು ಬಾಳ ಹಳೇ, ಬಾಳ ನಂಬಿಕಿ ಇರೂ ಟೆಸ್ಟ್. ಶುಗರ್ ಇಳದ್ರ ಜಿಎಚ್ ಜಿಗೀತೈತಿ ಅಂತ 1963ರಾಗ ತೋರಿಸಿಕೊಟ್ಟಾರ. ಆದ್ರ ಫಿಟ್ಸ್ ಇದ್ದವರಿಗೆ, ಹೃದಯದ ತೊಂದರಿ ಇದ್ದವರಿಗೆ, ಸಣ್ಣ ಕೂಸುಗಳಿಗೆ ಅಪಾಯ. ಡಾಕ್ಟರ್ ಪಕ್ಕದಾಗ ನಿಂತಿರೂ ದವಾಖಾನ್ಯಾಗ ಬಿಟ್ಟು ಎಲ್ಲೂ ಮಾಡಿಸಬ್ಯಾಡ್ರಿ.

ಹಿಂದಿನ ರಾತ್ರಿ ಊಟ ಆದಮ್ಯಾಲ ಏನೂ ಕೊಡಬ್ಯಾಡ್ರಿ, ನೀರು ನಡೀತೈತಿ. ಚಹಾ ನಡಿಯೂದಿಲ್ಲ, ಬಿಸ್ಕೀಟ್ ನಡಿಯೂದಿಲ್ಲ, ಪೆಪ್ಪರ್‌ಮಿಂಟೂ ನಡಿಯೂದಿಲ್ಲ, ಸಕ್ಕರಿ ಹೊಟ್ಟಿಗೆ ಹೋತಂದ್ರ ಜಿಎಚ್ ಅಡಗತೈತಿ. ದೂರದ ಊರಿಂದ ಬರೂವರು ಆದ್ರ ಹಿಂದಿನ ದಿನಾನ ಬಂದು ಸಂಬಂಧಿಕರ ಮನ್ಯಾಗೋ ಲಾಡ್ಜಿನ್ಯಾಗೋ ಉಳೀರಿ. ಬಸ್ ಸ್ಟ್ಯಾಂಡಿನಿಂದ ಓಡಿಸಿಕೊಂಡು ಬಂದು ಕೂಡಲೇ ಕುಂದ್ರಿಸಿದ್ರ ಓಟಕ್ಕ, ಅಳುವಿಗೆ, ಸೂಜಿ ಅಂಜಿಕಿಗೂ ಜಿಎಚ್ ಮ್ಯಾಲೇಳತೈತಿ, ಮೊದಲನೇ ಸ್ಯಾಂಪಲ್ ಗೊಂದಲ ಆಗತೈತಿ. ಅದಕ್ಕ ಕೈಗೆ ಕ್ಯಾನುಲಾ, ಅಂದ್ರ ನರದಾಗ ಬಿಡೂ ಸಣ್ಣ ಪ್ಲಾಸ್ಟಿಕ್ ನಳಿಗಿ, ಹಾಕಿದಮ್ಯಾಲ ಅರ್ಧ ತಾಸು ಕೂಸನ್ನ ಆರಾಮ ಮಲಗಿಸಿ ಆಮ್ಯಾಲ 0 ನಿಮಿಷದ ರಕ್ತ ತಗೀತಾರ. ಯಾಕ ತಡ ಮಾಡಾಕತ್ತೀರಿ ಅಂತ ಸಿಸ್ಟರ್ ಜೋಡಿ ಜಗಳ ಬ್ಯಾಡ್ರಿ.

ಕೂಸು ಏನರ ಔಷಧ ತಗೋತಿದ್ರ ಪಟ್ಟಿ ತರ್ರಿ. ಸ್ಟಿರಾಯ್ಡ್ ಇದ್ರ, ದಮ್ಮಿಗೆ ಹಾಕೂ ಪಂಪ್ ಇದ್ರೂ ಹೇಳ್ರಿ. ಕೂದಲ ಉದರತಾವ ಅಂತ ಬಯೋಟಿನ್ ಗುಳಿಗಿ ತಗೊಳೂದು ಈಗ ಬಾಳ ಆಗೇತಿ, ಕೆಲವು ಮಷೀನಿನ ಕಿಟ್‌ದಾಗ ಬಯೋಟಿನ್ನನ್ನ ಅಂಟಿನಂಗ ಬಳಸಿರ್ತಾರ, ರಕ್ತದಾಗ ಅದು ಜಾಸ್ತಿ ಇದ್ರ ಜಿಎಚ್ ಸುಳ್ಳು ಕಡಿಮಿ ತೋರಿಸತೈತಿ. ಡಾಕ್ಟರ್ ಕೇಳಿ ಎರಡು ಮೂರು ದಿನ ಮೊದಲ ಬಿಡ್ರಿ.

ದೊಡ್ಡವರಾಗೂ ವಯಸ್ಸಿಗೆ ಬಂದೂ ಇನ್ನೂ ಲಕ್ಷಣ ಕಾಣದ ಮಕ್ಕಳಿಗೆ ಡಾಕ್ಟರ್ ಟೆಸ್ಟಿನ ಮುಂಚೆ ಕೆಲವು ದಿನ ಸೆಕ್ಸ್ ಹಾರ್ಮೋನ್ ಕೊಡಬಹುದು, ಇದಕ್ಕ ಪ್ರೈಮಿಂಗ್ ಅಂತಾರ. ಹೆಸರು ಕೇಳಿ ಗಾಬರಿ ಆಗಬ್ಯಾಡ್ರಿ. ಪಿಟ್ಯುಟರಿ ಇನ್ನೂ ಎಚ್ಚರ ಆಗಿರೂದಿಲ್ಲ, ಎಚ್ಚರ ಮಾಡದ ಅಳದ್ರ ಆರೋಗ್ಯವಂತ ಕೂಸಿಗೂ ಕೊರತಿ ಐತಿ ಅಂತ ಬಂದು ವರ್ಷಗಟ್ಟಲೆ ಇಂಜೆಕ್ಷನ್ ಬೆನ್ನಿಗೆ ಬೀಳತಾವ.

ಕ್ಲೋನಿಡಿನ್ ಕೊಟ್ಟ ಕೂಸು ನಿದ್ದಿಗೆ ಜಾರತೈತಿ, ಬಿಪಿ ಇಳೀತೈತಿ, ಮುಖ ಬಿಳಚಿಕೋತೈತಿ. ಇದು ಗೊತ್ತಿದ್ದದ್ದ, ಸಿಸ್ಟರ್ ಬಿಪಿ ನೋಡತಿರ್ತಾರ. ಟೆಸ್ಟ್ ಮುಗದ ಕೂಡಲೇ ಎಬ್ಬಿಸಿ ನಡಸಬ್ಯಾಡ್ರಿ, ಕಣ್ಣು ಕತ್ತಲಿ ಬಂದು ಬೀಳತಾವ. ಡಬ್ಬಿಯಾಗ ಉಪ್ಪಿಟ್ಟೋ ಚಪಾತಿನೋ, ಉಪ್ಪು ಹಾಕಿದ ಮಜ್ಜಿಗಿ ಒಂದು ಬಾಟ್ಲಿ ಇಟ್ಕೊಂಡಿರ್ರಿ, ತಿನ್ನಿಸಿ ಕುಡಿಸಿ ಒಂದು ತಾಸು ಕುಂದ್ರಿಸಿ ಹೊರಡ್ರಿ. ಇನ್ನೊಂದು, ಬಾಳ ಕಳಕಳಿಯಿಂದ ಹೇಳಾಕತ್ತೀನಿ, ಅವತ್ತ ಕೂಸನ್ನ ಬೈಕ್ ಮ್ಯಾಲ ಕರಕೊಂಡು ಹೋಗಬ್ಯಾಡ್ರಿ. ಹಿಂದ ಕುಂತ ಕೂಸು ತೂಕಡಿಸಿದ್ರ ಮುಂದಿನವರಿಗೆ ಗೊತ್ತಾಗೂದಿಲ್ಲ. ಗ್ಲುಕಗಾನ್ ಆಗಿದ್ರ ತಾಸುಗಳ ಮ್ಯಾಲೂ ಶುಗರ್ ಇಳಿಯಬಹುದು, ಆ ದಿನಪೂರ್ತಿ ಹೊಟ್ಟಿ ಖಾಲಿ ಬಿಡಬ್ಯಾಡ್ರಿ.

5. ಟ್ಯೂಬಿನಿಂದ ಫ್ರೀಜರ್‌ತನಕ

ಇದು ಲ್ಯಾಬ್‌ನವರ ಕೆಲಸ, ಆದ್ರ ತಪ್ಪು ಬಾಳ ಆಗೂದ ಇಲ್ಲೆ. ಕ್ಯಾನುಲಾದಾಗ ಸಲೈನ್ ಉಳದಿರತೈತಿ, ಮೊದಲನೇ ಒಂದೆರಡು ಮಿಲೀಲೀಟರ್ ಚೆಲ್ಲಿ ಆಮ್ಯಾಲ ಸ್ಯಾಂಪಲ್ ತುಂಬ್ರಿ, ಇಲ್ಲಂದ್ರ ನೀರು ಬೆರತ ರಕ್ತಕ್ಕ ಕಡಿಮಿ ಸಂಖ್ಯೆ ಬರತೈತಿ. ಕೆಂಪು ಇಲ್ಲಾ ಹಳದಿ ಮುಚ್ಚಳದ ಟ್ಯೂಬ್, ಅರ್ಧ ತಾಸು ಹೆಪ್ಪುಗಟ್ಟಾಕ ಬಿಟ್ಟು ಸೆಂಟ್ರಿಫ್ಯೂಜ್ ಹಾಕಿ ಸೀರಮ್, ಅಂದ್ರ ಮ್ಯಾಲಿನ ತಿಳಿ, ಬ್ಯಾರೆ ಮಾಡ್ರಿ. ಅವತ್ತ ಮಾಡೂದಿಲ್ಲಂದ್ರ ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 20ರಾಗ ಇಡ್ರಿ. ಒಂದ ದೊಡ್ಡ ಟ್ಯೂಬ್ ಇಟ್ಟು ಸಲಸಲಕ್ಕೂ ಕರಗಿಸಿ ಮತ್ತ ಗಡ್ಡಿ ಮಾಡಿದ್ರ ಪ್ರೋಟೀನ್ ಕೆಡತೈತಿ. ಮನಿ ಫ್ರಿಜ್ಜಿನ ಫ್ರಾಸ್ಟ್-ಫ್ರೀ ಫ್ರೀಜರ್ ಬ್ಯಾಡ, ಅದು ಬರಫ ಕರಗಿಸಾಕ ತಾನ ಆಗಾಗ ಬಿಸಿ ಆಗತೈತಿ.

ನಮ್ಮ ಕಡೆ ಏಪ್ರಿಲ್ ಮೇದಾಗ ಬಿಸಲು 40 ದಾಟತೈತಿ. ಬಾಗಲಕೋಟಿಯಿಂದಲೋ ಇಲ್ಲಿಂದಲೋ ಬೆಳಗಾವಿಗೆ, ಬೆಂಗಳೂರಿಗೆ ಸ್ಯಾಂಪಲ್ ಕಳಸೂವರು ಐಸ್ ಪ್ಯಾಕ್ ಹಾಕಿದ ಡಬ್ಬಿ ಬಸ್ಸಿನ ಬಾನೆಟ್ ಮ್ಯಾಲ ಇಟ್ಟು ಕಳಸಬ್ಯಾಡ್ರಿ, ಎಂಜಿನ್ ಕಾವಿಗೆ ಐಸ್ ಎಲ್ಲಿ ಉಳೀಬೇಕು. ಮಷೀನ್ ಕೆಟ್ಟ ಸ್ಯಾಂಪಲ್‌ಗೂ ಒಂದು ಸಂಖ್ಯೆ ಕೊಡತೈತಿ, ಕೆಟ್ಟೈತಿ ಅಂತ ಹೇಳೂದಿಲ್ಲ.

ಲೇಬಲ್ ಮ್ಯಾಲ ಪೂರ್ಣ ಹೆಸರು, ನಂಬರ್, ಗಡಿಯಾರದ ಟೈಮ್, ಎಷ್ಟನೇ ನಿಮಿಷ, ಇಷ್ಟೂ ಬೇಕು. ನಾನು ಹೊಸದಾಗಿ ಸೇರಿದ್ದಾಗ ಅಣ್ಣ ತಮ್ಮ ಇಬ್ಬರದು ಒಂದ ದಿನ ಟೆಸ್ಟ್ ಆಗಿ ಹೊರಗಿಂದ ಟ್ಯೂಬ್ ಬಂದಿದ್ವು, ಮ್ಯಾಲ ಬರೇ ಅಡ್ಡಹೆಸರು ಮತ್ತ ನಿಮಿಷ. ಯಾರದು ಯಾವುದು ಅಂತ ಹೇಳಾಕ ಯಾವ ದಾರಿನೂ ಇರಲಿಲ್ಲ. ಎರಡೂ ಮಕ್ಕಳನ್ನ ಮತ್ತೊಮ್ಮೆ ಉಪವಾಸ ಕೆಡವಿ ಚುಚ್ಚಬೇಕಾತು.

6. ಮಷೀನ್ ಒಳಗ ಏನು ನಡೀತೈತಿ

ಮೊದಲಿನ ಕಾಲದಾಗ ರಕ್ತದಾಗಿನ ಜಿಎಚ್ ಅಳಿಯಾಕ ದಾರಿನ ಇರಲಿಲ್ಲ. ಪಿಟ್ಯುಟರಿ ತಗದ ಇಲಿಗಳಿಗೆ ಹಾರ್ಮೋನ್ ಚುಚ್ಚಿ ಮೊಳಕಾಲ ಕೆಳಗಿನ ಎಲುಬಿನ ಬೆಳಿಯೂ ಪಟ್ಟಿ ಎಷ್ಟು ಅಗಲ ಆತು ಅಂತ ನೋಡತಿದ್ರು, ಇದು ಬಯೋಅಸೇ, ಅಂದ್ರ ಜೀವಿ ಮ್ಯಾಲ ಆಗೂ ಪರಿಣಾಮ ನೋಡಿ ಅಳಿಯೂದು. ಶುದ್ಧ ಮಾಡಿದ ಔಷಧಕ್ಕ ನಡೀತಿತ್ತು, ರಕ್ತದಾಗಿನ ನ್ಯಾನೋಗ್ರಾಂಗೆ, ಅಂದ್ರ ಗ್ರಾಮಿನ ನೂರು ಕೋಟಿಯಾಗ ಒಂದು ಪಾಲಿಗೆ, ಆಗತಿರಲಿಲ್ಲ.

ದಾರಿ ತೆರದದ್ದು ರೇಡಿಯೋಇಮ್ಯುನೋಅಸೇ, ಆರ್‌ಐಎ. ರೋಸಲಿನ್ ಯಾಲೋ ಮತ್ತ ಸಾಲೊಮನ್ ಬರ್ಸನ್ ಇದನ್ನ ಮೊದಲ ಇನ್ಸುಲಿನ್‌ಗೆ ಮಾಡಿದ್ರು, ಯಾಲೋ ಅವರಿಗೆ 1977ರಾಗ ನೊಬೆಲ್ ಬಂತು, ಬರ್ಸನ್ ಅಷ್ಟೊತ್ತಿಗೆ ತೀರಿಕೊಂಡಿದ್ರು. ತತ್ವ ಸರಳ ಐತಿ. ಜಾತ್ರಿ ಬಸ್ಸಿನ ಸೀಟು ನೆನಸಿಕೋರಿ, ಸೀಟು ಅಂದ್ರ ಆಂಟಿಬಾಡಿ, ಹಾರ್ಮೋನನ್ನ ಗುರುತು ಹಿಡದು ಹಿಡಕೊಳೂ ಪ್ರೋಟೀನ್, ಲೆಕ್ಕದಷ್ಟ ಅದಾವ. ಅದಕ್ಕ ರೇಡಿಯೋ ಅಯೋಡಿನ್ ಹಚ್ಚಿದ ಜಿಎಚ್ ಗೊತ್ತಿದ್ದಷ್ಟು ಬಿಡತಾರ, ರೋಗಿ ಸೀರಮ್ಮೂ ಬಿಡತಾರ, ಎರಡೂ ಸೀಟಿಗೆ ಗುದ್ದಾಡತಾವ. ರೋಗಿ ಹಾರ್ಮೋನ್ ಹೆಚ್ಚಿದ್ದಷ್ಟೂ ಗುರುತಿನ ಹಾರ್ಮೋನ್‌ಗೆ ಸೀಟು ಕಡಿಮಿ, ವಿಕಿರಣ ಎಣಿಸೂ ಗಾಮಾ ಕೌಂಟರ್‌ದಾಗ ಎಣಿಕಿನೂ ಕಡಿಮಿ. ಅಯೋಡಿನ್-125 ಸುಮಾರು 60 ದಿನಕ್ಕ ಅರ್ಧ ಆಗತೈತಿ, ಕಿಟ್ ಬಾಳ ದಿನ ಇಡಾಕ ಬರೂದಿಲ್ಲ, ವಿಕಿರಣದ ಲೈಸೆನ್ಸ್ ಕಿರಿಕಿರಿ ಬ್ಯಾರೆ.

ಈಗ ಹೆಚ್ಚಾಗಿ ನಡಿಯೂದು ಸ್ಯಾಂಡ್‌ವಿಚ್ ಪದ್ಧತಿ. ಎರಡು ರೊಟ್ಟಿ ನಡುವ ಪಲ್ಯ ಇದ್ದಂಗ, ಕೆಳಗೊಂದು ಆಂಟಿಬಾಡಿ ಜಿಎಚ್ಚನ್ನ ಹಿಡೀತೈತಿ, ಮ್ಯಾಲಿಂದ ಇನ್ನೊಂದು ಆಂಟಿಬಾಡಿ ಬಂದು ಕುಂದ್ರತೈತಿ, ಅದಕ್ಕ ಗುರುತು ಹಚ್ಚಿರ್ತಾರ. ಬಣ್ಣ ಬಂದ್ರ ಎಲೈಸಾ, ಬೆಳಕು ಬಂದ್ರ ಕೆಮಿಲ್ಯುಮಿನಿಸೆನ್ಸ್, ಸಿಎಲ್‌ಐಎ ಅಂತ ರಿಪೋರ್ಟ್ ಮ್ಯಾಲ ಇರತೈತಿ. ಇಲ್ಲಿ ಹಾರ್ಮೋನ್ ಹೆಚ್ಚಿದ್ದಷ್ಟೂ ಸಿಗ್ನಲ್ ಹೆಚ್ಚು, ಆರ್‌ಐಎಗೆ ಉಲ್ಟಾ, ಪರೀಕ್ಷಾದಾಗ ಹುಡುಗರು ಇದನ್ನ ಅದಲುಬದಲು ಬರೀತಾರ.

ಒಂದ ಸೀರಮ್ ಎರಡು ಲ್ಯಾಬಿನ್ಯಾಗ ಎರಡು ಸಂಖ್ಯೆ ಯಾಕ? ರಕ್ತದಾಗಿನ ಜಿಎಚ್ ಒಂದ ರೂಪದ್ದಲ್ಲ. ಮುಖ್ಯ ರೂಪ 191 ಅಮೈನೋ ಆಮ್ಲದ್ದು, 22 ಕಿಲೋಡಾಲ್ಟನ್ ತೂಕದ್ದು, ಕಿಲೋಡಾಲ್ಟನ್ ಅಂದ್ರ ಅಣುವಿನ ತೂಕದ ಅಳತಿ. ಅದರಾಗ 15 ಅಮೈನೋ ಆಮ್ಲ ಕಡಿಮಿ ಇರೂ 20 ಕಿಲೋಡಾಲ್ಟನ್ ರೂಪನೂ ಐತಿ. ಜೋಡಿ ಜೋಡಿಯಾಗಿ ಅಂಟಿಕೊಂಡದ್ದೂ ಅದಾವ. ಹಳೇ ಪಾಲಿಕ್ಲೋನಲ್ ಆಂಟಿಬಾಡಿ ಎಲ್ಲಾ ರೂಪಾನೂ ಹಿಡೀತಿತ್ತು, ಸಂಖ್ಯೆ ಮ್ಯಾಲ ಬರತಿತ್ತು. ಈಗಿನ ಮಾನೋಕ್ಲೋನಲ್ ಒಂದ ಜಾಗಾ ನೋಡಿ ಹಿಡೀತೈತಿ, ಕಡಿಮಿ ಬರತೈತಿ. ಮ್ಯಾಲ ಹೆಚ್ಚುಕಮ್ಮಿ ಅರ್ಧ ಜಿಎಚ್ ರಕ್ತದಾಗ ಬೈಂಡಿಂಗ್ ಪ್ರೋಟೀನ್‌ಗೆ ಅಂಟಿಕೊಂಡಿರತೈತಿ, ಅದು ಕೆಲವು ಆಂಟಿಬಾಡಿಗೆ ಅಡ್ಡ ಬರತೈತಿ. ತಕ್ಕಡಿ ಕಲ್ಲು, ಅಂದ್ರ ಸ್ಟ್ಯಾಂಡರ್ಡ್, ಬ್ಯಾರೆ ಇದ್ರೂ ಫರಕ್ ಆಗತೈತಿ. ಮೊದಲಿಂದು ಪಿಟ್ಯುಟರಿಯಿಂದ ತಗದ, 80/505 ಅನ್ನೂ ನಂಬರಿನ ಸ್ಟ್ಯಾಂಡರ್ಡ್, ಈಗಿಂದು ಶುದ್ಧ 22 ಕಿಲೋಡಾಲ್ಟನ್ ರೂಪದ, 98/574 ಅನ್ನೂ ನಂಬರಿಂದು.

7. ಎಲೈಸಾ ಮಾಡೂ ಹುಡುಗರಿಗೆ

ಕಿಟ್ ಪುಸ್ತಕ ನೋಡಿ ಮಾಡ್ರಿ, ಒಂದು ಕಿಟ್‌ನ ಅಳತಿ ಇನ್ನೊಂದಕ್ಕ ಹೊಂದೂದಿಲ್ಲ. ಕೈ ತಪ್ಪೂ ಜಾಗಾ ಅಷ್ಟ ಹೇಳತೀನಿ. ಫ್ರಿಜ್ಜಿನಿಂದ ತಗದ ಪ್ಲೇಟು, ರಿಯೇಜೆಂಟು ರೂಮಿನ ಕಾವಿಗೆ ಬಂದಮ್ಯಾಲ ಶುರು ಮಾಡ್ರಿ. ಅಂಚಿನ ಗುಣಿ ಒಂದು ಕಾವು, ನಡುವಿಂದು ಒಂದು ಕಾವು ಇದ್ರ ಬಣ್ಣ ಸಮ ಬರೂದಿಲ್ಲ. ಸ್ಟ್ಯಾಂಡರ್ಡ್, ಕಂಟ್ರೋಲ್, ಸ್ಯಾಂಪಲ್ ಎಲ್ಲಾ ಎರಡೆರಡು ಗುಣಿಗೆ ಹಾಕ್ರಿ, ಎರಡರ ನಡುವ ಫರಕ್ ನೂರಕ್ಕ ಹತ್ತು ದಾಟಿದ್ರ ಮತ್ತೊಮ್ಮೆ ಮಾಡ್ರಿ. ಒಬ್ಬ ರೋಗಿದು 0ದಿಂದ 120ರ ತನಕ ಎಲ್ಲಾ ಸ್ಯಾಂಪಲ್ ಒಂದ ಪ್ಲೇಟಿನ್ಯಾಗ ಇರಬೇಕು, ಇವತ್ತ ಎರಡು ನಾಳೆ ಎರಡು ಅಂತ ಮಾಡಿದ್ರ ಏರಿಳಿತ ಹಾರ್ಮೋನಿಂದೋ ಪ್ಲೇಟಿಂದೋ ತಿಳಿಯೂದಿಲ್ಲ. ತೊಳಿಯೂದ್ರಾಗ ಅವಸರ ಬ್ಯಾಡ, ಗುಣಿಯಾಗ ಉಳದ ಎನ್‌ಜೈಮ್ ಖಾಲಿ ಸ್ಯಾಂಪಲ್‌ಗೂ ಬಣ್ಣ ತರತೈತಿ. ಆಸಿಡ್ ಹಾಕಿ ನಿಲ್ಲಿಸಿದಮ್ಯಾಲ ತಡ ಮಾಡದ 450 ನ್ಯಾನೋಮೀಟರ್‌ದಾಗ ಓದ್ರಿ. ಕರೆಂಟ್ ಹೋಗೂ ದಿನ ರೀಡರ್, ವಾಷರ್ ಇನ್ವರ್ಟರ್ ಮ್ಯಾಲ ಅದಾವೇನು ಮೊದಲ ನೋಡ್ಕೋರಿ, ಅರ್ಧಕ್ಕ ನಿಂತ ಪ್ಲೇಟು ವಾಪಸ್ ಬರೂದಿಲ್ಲ.

ಹಾರ್ಮೋನ್ ಬಾಳ ವಿಪರೀತ ಇದ್ದಾಗ ಎರಡೂ ಆಂಟಿಬಾಡಿ ಬ್ಯಾರೆ ಬ್ಯಾರೆ ಹಾರ್ಮೋನ್ ಹಿಡದು ಸ್ಯಾಂಡ್‌ವಿಚ್ಚ ಆಗೂದಿಲ್ಲ, ಸಂಖ್ಯೆ ಸುಳ್ಳು ಕೆಳಗಿಳೀತೈತಿ, ಇದು ಹುಕ್ ಎಫೆಕ್ಟ್. ಅನುಮಾನ ಬಂದ್ರ ಡೈಲ್ಯೂಟ್ ಮಾಡಿ ಮತ್ತ ಹಾಕ್ರಿ. ಐಜಿಎಫ್-1ಕ್ಕ ಬ್ಯಾರೆನ ತಕರಾರು, ಅಂಟಿಕೊಂಡ ಪ್ರೋಟೀನ್ ಬಿಡಿಸೂ ಆಸಿಡ್ ಹಂತ ಬಿಟ್ರ ಫಲಿತಾಂಶಕ್ಕ ಅರ್ಥ ಇಲ್ಲ.

8. ಇನ್ನೂ ಮುಂದಿನ ಟೆಸ್ಟ್‌ಗಳು

ಜಿಎಚ್ ಹೆಚ್ಚಾಗಿ ಕೈಕಾಲು ದವಡಿ ದಪ್ಪ ಆಗೂ ಅಕ್ರೊಮೆಗಲಿಯಾಗ ಉಲ್ಟಾ ಟೆಸ್ಟ್: 75 ಗ್ರಾಂ ಗ್ಲುಕೋಸ್ ಕುಡಿಸಿ ಜಿಎಚ್ ಅಡಗತೈತೇನು ನೋಡತಾರ. ಆರೋಗ್ಯವಂತರಿಗೆ ಮಿಲೀಲೀಟರಿಗೆ 1 ನ್ಯಾನೋಗ್ರಾಂ ಕೆಳಗ ಇಳೀತೈತಿ.

ಜಿಎಚ್ ಹೆಚ್ಚಿದ್ದೂ ಐಜಿಎಫ್-1 ತೀರಾ ಕಡಿಮಿ ಇದ್ರ ರಿಸೆಪ್ಟರ್, ಅಂದ್ರ ಹಾರ್ಮೋನ್ ಬಂದು ಕುಂದ್ರೂ ಬಾಗಿಲಾ, ಕೆಟ್ಟಿರಬಹುದು, ಅದು ಲಾರಾನ್ ಸಿಂಡ್ರೋಮ್. ಒಂದ ಮನ್ಯಾಗ ಇಬ್ಬರು ಮೂವರು ಬಾಳ ಕುಳ್ಳ ಇದ್ದು, ತಂದಿ ತಾಯಿ ಸಂಬಂಧದಾಗ ಲಗ್ನ ಆದವರಿದ್ರ ಜೀನ್ ಟೆಸ್ಟ್ ಬಗ್ಗೆ ಡಾಕ್ಟರನ್ನ ಕೇಳ್ರಿ. ಪಿಟ್ಯುಟರಿಗೆ ಹಾರ್ಮೋನ್ ಬಿಡು ಅನ್ನೂ ಸಂದೇಶ ಕೇಳಿಸಿಕೊಳೂ ಜಿಎಚ್‌ಆರ್‌ಎಚ್ ರಿಸೆಪ್ಟರಿನ ಒಂದು ದೋಷ ಭಾರತ, ಪಾಕಿಸ್ತಾನದ ಇಂಥ ಕೆಲವು ಮನೆತನಗಳಾಗ ಸಿಕ್ಕೈತಿ. ಸೋದರಮಾವನ ಲಗ್ನ ನಮ್ಮ ಕಡೆ ಇನ್ನೂ ನಡೀತಾವ, ಹೇಳಾಕ ನಾಚಬ್ಯಾಡ್ರಿ.

ಗರಡಿಮನಿ, ಜಿಮ್ ಹುಡುಗರೂ ಈ ಇಂಜೆಕ್ಷನ್ ಬಗ್ಗೆ ಕೇಳತಾರ. ಅವರಿಗೆ ಒಂದ ಮಾತು: ಹೊರಗಿಂದ ಹಾಕೂದು ಬರೇ 22 ಕಿಲೋಡಾಲ್ಟನ್ ರೂಪ, ಅದು ಬಂದ್ರ ಮೈಯಾಗಿನ ಬಾಕಿ ರೂಪಗಳು ಕಡಿಮಿ ಆಗತಾವ, ಆ ಅನುಪಾತ ನೋಡಿನ ಡೋಪಿಂಗ್ ಲ್ಯಾಬ್ ಹಿಡೀತೈತಿ. ಐಜಿಎಫ್-1 ಜೋಡಿ ಪಿ-3-ಎನ್‌ಪಿ ಅನ್ನೂ ಇನ್ನೊಂದು ಗುರುತು ನೋಡೂ ಎರಡನೇ ಟೆಸ್ಟೂ ಐತಿ, ಅದು ಇನ್ನೂ ಹೆಚ್ಚು ದಿನ ಹಿಂದಿಂದು ಹಿಡೀತೈತಿ. ಸಿಕ್ಕು ಬೀಳೂದು ಒಂದು ಕಡೆ ಇರಲಿ, ಶುಗರ್ ಏರತೈತಿ, ಕೀಲು ಬಾಯತಾವ. ಬ್ಯಾಡ್ರಿ ತಮ್ಮಾ.

9. ರಿಪೋರ್ಟ್ ಕೈಗೆ ಬಂದಾಗ

ಮೊದಲ ಯುನಿಟ್ ನೋಡ್ರಿ. ನ್ಯಾನೋಗ್ರಾಂ ಪ್ರತಿ ಮಿಲೀಲೀಟರ್, ಮೈಕ್ರೋಗ್ರಾಂ ಪ್ರತಿ ಲೀಟರ್ ಎರಡೂ ಒಂದ. ಮಿಲಿ ಐಯು ಪ್ರತಿ ಲೀಟರ್ ಅಂತ ಇದ್ರ, ಈಗಿನ ಸ್ಟ್ಯಾಂಡರ್ಡಿಗೆ ಮೂರರಿಂದ ಭಾಗಿಸ್ರಿ, 30 ಅಂದ್ರ 10. ಇದನ್ನ ನೋಡದ ಖುಷಿ ಪಟ್ಟವರೂ ಅದಾರ, ಅತ್ತವರೂ ಅದಾರ.

ಆಮ್ಯಾಲ ಎಲ್ಲಾ ಸ್ಯಾಂಪಲ್‌ದಾಗ ಅತಿ ಹೆಚ್ಚಿಂದು ಯಾವುದು ನೋಡ್ರಿ, ಅದ ಪೀಕ್. 0 ನಿಮಿಷದ್ದು ಕಡಿಮಿ ಇದ್ರ ಅಂಜಬ್ಯಾಡ್ರಿ, ಅದು ಕಡಿಮಿನ ಇರತೈತಿ. ಮಕ್ಕಳಿಗೆ ಪೀಕ್ 10 ನ್ಯಾನೋಗ್ರಾಂ ದಾಟಬೇಕು ಅಂತ ಹಳೇ ಗೆರಿ, ಅದು ಪಾಲಿಕ್ಲೋನಲ್ ಕಾಲದ್ದು. ಈಗಿನ ಮಾನೋಕ್ಲೋನಲ್ ಪದ್ಧತಿಗೆ 7 ಹಿಡಿಯೂವರು ಬಾಳ. ದೊಡ್ಡವರ ಗೆರಿ ಇನ್ನೂ ಕೆಳಗ. ಹಿಂಗಾಗಿ 8 ಬಂದ ಕೂಸಿಗೆ ಕೊರತಿ ಐತೋ ಇಲ್ಲೋ ಅನ್ನೂದು ಯಾವ ಪದ್ಧತಿಲೆ 8 ಬಂತು ಅನ್ನೂದರ ಮ್ಯಾಲೂ ಐತಿ. ದಪ್ಪ ಇರೂ ಮಕ್ಕಳಿಗೆ ಪೀಕ್ ತಾನಾಗಿನ ಕಡಿಮಿ ಬರತೈತಿ, ತೂಕ ಬರಸೂದು ಮರೀಬ್ಯಾಡ್ರಿ.

ಒಂದ ಟೆಸ್ಟ್ ಫೇಲ್ ಆತಂದ ಕೂಡಲೇ ಇಂಜೆಕ್ಷನ್ ಶುರು ಮಾಡೂದಿಲ್ಲ. ಚಂದಾಗಿ ಬೆಳಿಯೂ ಮಕ್ಕಳೂ ಒಂದ ಟೆಸ್ಟ್‌ದಾಗ ಫೇಲ್ ಆಗತಾರ, ಅದಕ್ಕ ಇನ್ನೊಂದು ಔಷಧದಿಂದ ಎರಡನೇ ಟೆಸ್ಟ್ ಹೇಳತಾರ. ದುಡ್ಡು ಕೀಳಾಕ ಅಂತ ತಿಳಕೊಂಡು ಬಿಟ್ಟು ಹೋಗಬ್ಯಾಡ್ರಿ. ದಿನಾ ಚುಚ್ಚೂ, ವರ್ಷಗಟ್ಟಲೆ ನಡಿಯೂ, ತುಟ್ಟಿ ಔಷಧ ಅದು, ಕೂಸಿಗೆ ಖರೇನ ಬೇಕೋ ಬ್ಯಾಡೋ ಅಂತ ಎರಡು ಸಲ ಕೇಳೂದು ನಿಮ್ಮ ಕೂಸಿನ ಸಲುವಾಗಿ.

ಲ್ಯಾಬ್‌ನವರ ಕಡೆ ಬರೇ ಪೀಕ್ ಬರದ ಹಾಳಿ ಇಸಕೋಬ್ಯಾಡ್ರಿ. ಪ್ರತಿ ಸ್ಯಾಂಪಲಿನ ಟೈಮ್, ಕೊಟ್ಟ ಔಷಧ ಮತ್ತ ಡೋಸ್, ಅಳದ ಪದ್ಧತಿ, ಯುನಿಟ್ ಇಷ್ಟೂ ಬರಸಿ ಕೇಳಿ ಇಸಕೋರಿ. ಅದರ ಜೋಡಿ ಎತ್ತರದ ಚಾರ್ಟು, ಎಕ್ಸ್‌ರೇ, ಥೈರಾಯ್ಡ್ ರಿಪೋರ್ಟ್ ಒಂದ ಫೈಲಿನ್ಯಾಗ ಇಡ್ರಿ, ಎರಡನೇ ಟೆಸ್ಟ್ ಸಾಧ್ಯ ಆದ್ರ ಅದ ಲ್ಯಾಬಿನ್ಯಾಗ ಮಾಡಿಸ್ರಿ, ಬ್ಯಾರೆ ಊರಿಗೆ ಹೋಗೂದಾದ್ರ ಆ ಫೈಲ್ ಸ್ಯಾಂಪಲ್ ಕೊಡೂ ಮೊದಲ ಅಲ್ಲಿಯವರ ಕೈಗೆ ಕೊಡ್ರಿ.